‘ಆಗಾಗ’ ಅಂದರೆ ಯಾವಾಗ?

ಕಾರವಾರದ ನನ್ನ ಗ್ಯಾರೇಜಿಗೆ ಹಳೆಯ ಸ್ಪೋರ್ಟ್ಸ್ ಕಾರಿನ ಗಿರಾಕಿ ಬಂದವರೇ ಮೊಬೈಲ್ ತೆಗೆದು, ಕಾರಿನಡಿ ಸೋರಿದ್ದರ ಒಂದು ಫೋಟೋ ತೋರಿಸುತ್ತಾರೆ. ಸಿಮೆಂಟ್ ನೆಲ, ನೆಲದ ಮೇಲೊಂದು ಕಲೆ, ಅಳತೆ ತಿಳಿಯಲಿ ಅಂತ ಪಕ್ಕದಲ್ಲಿ ಹವಾಯಿ ಚಪ್ಪಲಿಯ ತುದಿ. “ಸರಿಯಾಗಿ ಇಲ್ಲೇ ಬಿದ್ದದ್ದು ನೋಡಿ. ಇದರ ಮೇಲೆ ಯಾವ ಪಾರ್ಟ್ ಇದೆಯೋ ಅದನ್ನು ಬದಲಾಯಿಸಿಬಿಡಿ” ಅನ್ನುತ್ತಾರೆ. ಯಾವಾಗ ಬಿತ್ತು ಅಂತ ನಾನು ಕೇಳುತ್ತೇನೆ. “ಆಗಾಗ ಬೀಳ್ತದೆ.”

ಈ ‘ಆಗಾಗ’ ಕೇಳಿ ಕೇಳಿ ನನ್ನ ಅರ್ಧ ಕೂದಲು ಬೆಳ್ಳಗಾಗಿದೆ. ಜ್ವರ ಆಗಾಗ ಬರುತ್ತದೆ ಅಂದರೆ ಡಾಕ್ಟರು ಬಿಡುತ್ತಾರೆಯೇ? ಬೆಳಿಗ್ಗೆಯೋ ಸಂಜೆಯೋ, ದಿನ ಬಿಟ್ಟು ದಿನವೋ, ಚಳಿ ಹಿಡಿದು ಬರುತ್ತದೋ ಅಂತ ಕೇಳಿಯೇ ಕೇಳುತ್ತಾರೆ. ಕಾರಿನ ಸೋರಿಕೆಯೂ ಹಾಗೆಯೇ. ಬಿಟ್ಟು ಬಿಟ್ಟು ಸೋರುವ ಕಾರಿನಲ್ಲಿ ಕಲೆ ಎಲ್ಲಿ ಬಿತ್ತು ಅನ್ನುವುದರಿಂದ ನನಗೆ ಸಿಗುವುದು ನಾಲ್ಕಾಣೆ. ಯಾವಾಗ ಬಿತ್ತು ಅನ್ನುವುದರಲ್ಲಿ ಉಳಿದ ಹನ್ನೆರಡಾಣೆ ಇದೆ.

ಕಾರವಾರದಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಯಾರ ಹತ್ತಿರ ಇದೆ ಮಾರಾಯ್ರೇ ಅಂತ ನಗಬೇಡಿ. ಇದೆ. ಗಡಿ ದಾಟಿದರೆ ಗೋವಾ. ಅಲ್ಲೇ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಅನ್ನುವ, ಫೈಬರ್ ಮೈಯ, 1149 ಸಿಸಿ ರೆನೋ ಎಂಜಿನ್ನಿನ ಎರಡು ಸೀಟಿನ ಕಾರು ಇನ್ನೂ ಕೆಲವರ ಶೆಡ್ಡಿನಲ್ಲಿದೆ. ಪರದೇಶದಿಂದ ಮರಳಿದವರು ಜೊತೆಗೆ ತಂದವು, ಮಾವನೋ ಅಣ್ಣನೋ ಬಿಟ್ಟುಹೋದವು ಒಂದೆರಡಿವೆ. ಇವು ಭಾನುವಾರದ ಕಾರುಗಳು. ವಾರವೆಲ್ಲ ನಿಂತಿರುತ್ತವೆ, ನಿಂತಷ್ಟೂ ರಬ್ಬರ್ ಸೀಲು ಒಣಗಿ ಗಟ್ಟಿಯಾಗುತ್ತದೆ. ಮೇಲಿಂದ ಕಡಲ ಉಪ್ಪುಗಾಳಿ ಹೋಸು ಬಿಗಿಹಿಡಿಯುವ ಕ್ಲಾಂಪು, ಬ್ರೇಕ್ ಪೈಪುಗಳನ್ನು ತಿನ್ನುತ್ತದೆ. ಸೋರದಿದ್ದರೇ ಆಶ್ಚರ್ಯ.

ದ್ರವ ಯಾವುದು ಅನ್ನುವುದು ದೊಡ್ಡ ಮಾತಲ್ಲ. ಕಂದು ಕಪ್ಪು ಎಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣ, ಸಿಹಿ ವಾಸನೆ ಕೂಲಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ನೀರು. ಕೊಳೆತ ಮೊಟ್ಟೆಯ ವಾಸನೆ ಗೇರ್ ಆಯಿಲ್. ಬಣ್ಣವಿಲ್ಲದೆ, ಪೇಂಟಿಗೆ ತಾಗಿದರೆ ಪೇಂಟು ಕಿತ್ತು ಬರುವುದು ಬ್ರೇಕ್ ಆಯಿಲ್. ಕೂಲಂಟನ್ನು ನಾಲಿಗೆಗೆ ಹಚ್ಚಿ ನೋಡುವ ಹಳೇ ಮೇಸ್ತ್ರಿಗಳ ಅಭ್ಯಾಸ ಬೇಡ, ಅದು ವಿಷ. ಸಿಹಿ ಅಂತ ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ, ಚೆಲ್ಲಿದ್ದನ್ನು ತೊಳೆದುಬಿಡಿ. ಇನ್ನು ಬರೀ ನೀರು ಬಿದ್ದರೆ ಅದು ಎಸಿಯದು. ನಮ್ಮ ಕರಾವಳಿಯ ಗಾಳಿಯಲ್ಲಿ ಎಸಿ ಹಾಕಿದ ಕಾರು ಅರ್ಧ ಗಂಟೆ ನಿಂತರೆ ಕೆಳಗೆ ಸಣ್ಣ ಕೆರೆಯೇ ಆಗುತ್ತದೆ. ಆ ನೀರಿನ ಫೋಟೋ ತಂದವರಿಗೆ ಚಹಾ ಕೊಟ್ಟು ಕಳಿಸುತ್ತೇನೆ, ಬಿಲ್ ಇಲ್ಲ.

‘ಎಲ್ಲಿ’ ಯಾಕೆ ಮೋಸ ಮಾಡುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ನಾನು ಬಿಡಿಸಿ ಹೇಳಬೇಕಾದದ್ದೇ ಇಲ್ಲ. ವರ್ಷಕ್ಕೆ 3000 ಮಿ.ಮೀ. ಆಜುಬಾಜು ಮಳೆ ಬೀಳುವ ಊರು ನಮ್ಮದು; ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದವರು ನಾವು. ದೇವರ ಕೋಣೆಯ ಮೇಲೆ ಹಂಚು ಒಡೆದಿರುತ್ತದೆ, ನೀರು ರೀಪಿನಗುಂಟ ಹರಿದು ಬಂದು ಜಗಲಿಯಲ್ಲಿ ತೊಟ್ಟಿಕ್ಕುತ್ತದೆ. ಜಗಲಿಯ ಮೇಲಿನ ಹಂಚನ್ನು ಯಾರಾದರೂ ಬದಲಾಯಿಸುತ್ತಾರೆಯೇ? ಮಳೆ ಬರುವಾಗ ಅಟ್ಟ ಹತ್ತಿ, ಒದ್ದೆಯ ಜಾಡು ಹಿಡಿದು ಮೇಲಕ್ಕೆ ಹೋಗುತ್ತಾರೆ. ಪಡುಗಾಳಿ ಬೀಸಿದಾಗ ಮಾತ್ರ ಸೋರುವ ಹಂಚು ಯಾವುದು ಅಂತ ಅಜ್ಜಿಗೆ ಗೊತ್ತಿರುತ್ತದೆ. ಇಷ್ಟೆಲ್ಲ ತಿಳಿದವರು ಬಾನೆಟ್ ಮುಂದೆ ನಿಂತಕೂಡಲೇ ಮರೆತುಬಿಡುತ್ತಾರೆ.

ಕಾರಿನಲ್ಲಿ ರೀಪಿನ ಬದಲು ಪೈಪು, ಬ್ರಾಕೆಟ್ಟು, ಎಂಜಿನ್ನಿನ ಅಂಚು. ಓಡುವಾಗ ಗಾಳಿ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ಸ್ಪೋರ್ಟ್ಸ್ ಕಾರು ನೆಲಕ್ಕೆ ತಗ್ಗು, ಕೆಲವಕ್ಕೆ ಅಡಿಯಲ್ಲಿ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಹಾಸು ಬೇರೆ. ಸೋರಿದ ಆಯಿಲ್ ಆ ಹಾಸಿನ ಮೇಲೆ ವಾರಗಟ್ಟಲೆ ಕೂಡಿ, ದೇವಿಮನೆ ಘಾಟಿಯ ತಿರುವಿನಲ್ಲಿ ಕಾರು ವಾಲಿದಾಗ ಒಂದೇ ಸಲ ಚೆಲ್ಲುತ್ತದೆ. ಮಾಲೀಕರಿಗೆ ಅದು ‘ಆಗಾಗ’. ನಿಜವಾಗಿ ಅದು ದಿನಾ ಸೋರುತ್ತಲೇ ಇದೆ, ಬೀಳುವುದು ಮಾತ್ರ ಆಗಾಗ.

ಈಗ ‘ಯಾವಾಗ’ಕ್ಕೆ ಬರೋಣ, ಸ್ವಲ್ಪ ತಾಳ್ಮೆ ಇರಲಿ. ಕಾರು ನಿಲ್ಲಿಸಿ ಐದು ಹತ್ತು ನಿಮಿಷದ ಮೇಲೆ ಬಿದ್ದರೆ ನನ್ನ ಕಣ್ಣು ಕೂಲಂಟಿನ ಕಡೆ ಹೋಗುತ್ತದೆ. ಎಂಜಿನ್ ನಿಂತಾಗ ಕೂಲಂಟ್ ತಿರುಗಿಸುವ ವಾಟರ್ ಪಂಪೂ ನಿಲ್ಲುತ್ತದೆ, ಕಬ್ಬಿಣದೊಳಗಿನ ಕಾವು ನಿಂತ ನೀರಿಗೆ ಏರುತ್ತದೆ. ಹಾಗಾಗಿ ಒಳಗಿನ ಬಿಸಿ, ಒತ್ತಡ ಓಡುವಾಗಿನದಕ್ಕಿಂತ ನಿಲ್ಲಿಸಿದ ಮೇಲೆಯೇ ಹೆಚ್ಚಾಗುವುದುಂಟು. ಟ್ಯಾಂಕ್ ಫುಲ್ ಮಾಡಿಸಿದ ದಿನ ಮಾತ್ರ ಪೆಟ್ರೋಲ್ ವಾಸನೆ ಬಂದರೆ ಟ್ಯಾಂಕಿನ ಮೇಲ್ಭಾಗದ ಹೋಸುಗಳನ್ನು ನೋಡಬೇಕು, ಅರ್ಧ ಟ್ಯಾಂಕಿಗೆ ಅವು ಒದ್ದೆಯೇ ಆಗುವುದಿಲ್ಲ. ಪೇಟೆಯಲ್ಲಿ ಓಡಿಸಿದ ದಿನ ಬಿದ್ದು, ಹೈವೇಯಲ್ಲಿ ಬೀಳದಿದ್ದರೆ ಕ್ಲಚ್ಚಿನ ಸಿಲಿಂಡರ್ ಇರಬಹುದು: ಪೆಡಲ್ ತುಳಿದಾಗ ಮಾತ್ರ ಅದರಲ್ಲಿ ಒತ್ತಡ. ಅದೇ ಹೈವೇಯಲ್ಲಿ ಜೋರು ಓಡಿಸಿದಾಗ ಮಾತ್ರ ಎಂಜಿನ್ ಆಯಿಲ್ ಜಿನುಗಿದರೆ, ಸೀಲಿಗೆ ಕೈಹಾಕುವ ಮೊದಲು ಎಂಜಿನ್ನಿನ ಉಸಿರು ಕಟ್ಟಿದೆಯೇ ನೋಡುತ್ತೇನೆ. ಬ್ರೀದರ್ ಹೋಸು ಕಟ್ಟಿಕೊಂಡರೆ ಒಳಗಿನ ಗಾಳಿಗೆ ದಾರಿಯಿಲ್ಲ, ಆಯಿಲನ್ನು ಸಿಕ್ಕ ಸಂದಿಯಿಂದ ನೂಕುತ್ತದೆ. ಎಷ್ಟೋ ಸೀಲುಗಳು ಈ ತಪ್ಪಿಗೆ ಸುಮ್ಮನೆ ಬಲಿಯಾಗಿವೆ. ಇದೆಲ್ಲ ಖಚಿತ ತೀರ್ಪಲ್ಲ, ಎಲ್ಲಿಂದ ಹುಡುಕಲು ಶುರುಮಾಡಬೇಕು ಅನ್ನುವುದಕ್ಕೆ ದಾರಿ ಅಷ್ಟೆ.

ಒಂದು ಕಥೆ ಹೇಳುತ್ತೇನೆ. ಶಿರಸಿ ಹತ್ತಿರದ ಅಡಿಕೆ ತೋಟದವರು. ಕಾರಿನ ಹೆಸರು ಹೇಳುವುದಿಲ್ಲ, ಅಂಥದ್ದು ಜಿಲ್ಲೆಯಲ್ಲಿ ಇರುವುದೇ ಒಂದು; ಹೇಳಿದರೆ ಮಾಲೀಕರ ಹೆಸರೂ ಹೇಳಿದ ಹಾಗೆ. ತೊಂಬತ್ತರ ದಶಕದ್ದು, ಮೇಲ್ಛಾವಣಿ ಮಡಚುವ ಎರಡು ಸೀಟಿನದು. ಕೂಲಂಟ್ ಕಮ್ಮಿಯಾಗುತ್ತದೆ, ಮುಂದುಗಡೆ ಹಸಿರು ಹನಿ ಬೀಳುತ್ತದೆ. ಎಲ್ಲೋ ಎರಡು ಸಲ ವಾಟರ್ ಪಂಪ್ ಬದಲಾಯಿಸಿಕೊಂಡು ಬಂದಿದ್ದರು, ಹನಿ ಪಂಪಿನ ಕೆಳಗೇ ಬೀಳುತ್ತಿತ್ತಲ್ಲ! ಶಿರಸಿಯಿಂದ ಘಾಟಿ ಇಳಿದು, ಕುಮಟಾ ಅಂಕೋಲಾ ದಾಟಿ 120 ಕಿ.ಮೀ. ಮೇಲೆಯೇ ಓಡಿಸಿಕೊಂಡು ಮೂರು ಸಲ ನನ್ನಲ್ಲಿಗೆ ಬಂದರು. ಮೂರು ಸಲವೂ ಕಾರು ಒಣಗಿದ ಕೊಬ್ಬರಿ. ಒಂದು ಸಲ ರಾತ್ರಿ ಇಟ್ಟುಕೊಂಡೆ, ಆಗಲೂ ಇಲ್ಲ. “ಮನೇಲಿ ಸೋರ್ತು ಮಾರಾಯಾ, ಇಲ್ಲಿ ಬಂದ್ರೆ ಸೋರ್ತಿಲ್ಲೆ” ಅಂತ ಅವರು ತಲೆಮೇಲೆ ಕೈ ಹೊತ್ತರು. ಅದರ ಮೇಲೆ, ಬರುವ ಮುಂಚೆ ಎಂಜಿನ್ನನ್ನು ಮದುವೆಗೆ ಹೊರಟವರ ಹಾಗೆ ತೊಳೆದುಕೊಂಡು ಬರುತ್ತಿದ್ದರು. ಪ್ರೀತಿಯಿಂದಲೇ. ಆದರೆ ತೊಳೆದದ್ದು ನನಗೆ ಬೇಕಾದ ಜಾಡನ್ನು.

ಕೊನೆಗೆ ತೊಳೆಯಬೇಡಿ, ಬರೆದಿಡಿ ಅಂದೆ. ಹದಿನೈದು ದಿನ ಬಿಟ್ಟು ಬಂದರು, ಅಡಿಕೆ ತೂಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪೆನ್ಸಿಲ್ ಅಕ್ಷರ. “ಸೋಮವಾರ, ಇಬ್ಬನಿ ಜೋರು, ಹನಿ ಎಂಟು. ಮಂಗಳವಾರ, ಮೋಡ, ಇಲ್ಲ. ಬುಧವಾರ, ಚಳಿ, ಹನಿ ಆರು. ಕಾರು ಶುರುಮಾಡಿದ ಮೇಲೆ ಇಲ್ಲ.” ಓದುತ್ತ ಓದುತ್ತ ನನಗೇ ನಾಚಿಕೆಯಾಯಿತು. ಶಿರಸಿ ಇರುವುದು ಸಮುದ್ರಮಟ್ಟದಿಂದ 600 ಮೀಟರ್ ಹತ್ತಿರ ಎತ್ತರದಲ್ಲಿ. ಅಲ್ಲಿ ಜನವರಿಯಲ್ಲಿ ಕಂಬಳಿ ಬೇಕು. ಕಾರವಾರದಲ್ಲಿ ಅದೇ ರಾತ್ರಿ ಫ್ಯಾನ್ ತಿರುಗುತ್ತಿರುತ್ತದೆ. ಚಳಿಗೆ ಮಾತ್ರ ಸೋರುವ ಕಾರನ್ನು ಸೆಕೆಯ ಊರಿನಲ್ಲಿ ಇಟ್ಟುಕೊಂಡು ಕಾದರೆ ಏನು ಸಿಗುತ್ತದೆ?

ಪ್ರೆಶರ್ ಟೆಸ್ಟರ್ ಚೀಲಕ್ಕೆ ಹಾಕಿಕೊಂಡು ನಾನೇ ಘಟ್ಟ ಹತ್ತಿದೆ. ಅದು ಸೈಕಲ್ ಪಂಪಿನಂಥ ಸಾಧನ. ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಕೂರಿಸಿ ಕೈಯಿಂದ ಗಾಳಿ ತುಂಬಿದರೆ, ಎಂಜಿನ್ ತಣ್ಣಗಿರುವಾಗಲೇ ಒಳಗೆ ಓಡುವಾಗಿನಷ್ಟು ಒತ್ತಡ ಬರುತ್ತದೆ. ಸಾಮಾನ್ಯವಾಗಿ ಒಂದು ಬಾರ್ ಸುತ್ತಮುತ್ತ; ಮುಚ್ಚಳದ ಮೇಲೆ ಬರೆದದ್ದಕ್ಕಿಂತ ಹೆಚ್ಚು ತುಂಬಬಾರದು. ರಾತ್ರಿ ಬಿಸಿ ಅನ್ನ, ತಂಬುಳಿ, ಎರಡು ತೊಡೆದೇವು ಜಾಸ್ತಿಯೇ ಆಯಿತು. ಬೆಳಿಗ್ಗೆ ಐದೂವರೆಗೆ ಅಂಗಳದಲ್ಲಿ ಗೋಣಿ ಹಾಸಿ ಕಾರಿನಡಿಗೆ ನುಸುಳಿದೆ. ಎಂಜಿನ್ನಿನ ಹಿಂಭಾಗದಲ್ಲಿ, ಕೈ ತೂರದ ಸಂದಿಯಲ್ಲಿ, ಕಬ್ಬಿಣದ ಪೈಪಿಗೆ ಗೇಣುದ್ದದ ರಬ್ಬರ್ ಹೋಸು ಸೇರುವ ಜಾಗ. ಹಲ್ಲಿನ ಡಾಕ್ಟರರ ಕನ್ನಡಿಯಂಥದ್ದನ್ನು ಒಳಗೆ ಹಿಡಿದು ಟಾರ್ಚ್ ಬಿಟ್ಟೆ. ಪಂಪ್ ಒತ್ತಿದಂತೆ ಕ್ಲಾಂಪಿನ ಸ್ಕ್ರೂ ಪಕ್ಕ ಹಸಿರು ಹನಿಯೊಂದು ಕಣ್ಣು ಬಿಟ್ಟಿತು. ದಪ್ಪವಾಯಿತು, ನಡುಗಿತು, ಕೆಳಗೆ ಬೀಳಲಿಲ್ಲ. ಪೈಪನ್ನು ಅಪ್ಪಿಕೊಂಡು ಮುಂದಕ್ಕೆ ಜಾರಿತು. ಅವರ ಅಂಗಳ ತೋಟದ ಕಡೆಗೆ ಇಳಿಜಾರು, ಕಾರು ದಿನಾ ನಿಲ್ಲುವುದು ಮೂತಿ ತೋಟಕ್ಕೆ ಮಾಡಿ. ಹನಿ ಪೈಪಿನಗುಂಟ ಎರಡಡಿ ನಡೆದು, ಹೊಸ ವಾಟರ್ ಪಂಪಿನ ಮೂಗಿನ ತುದಿಯಿಂದ ಟಪ್ಪಂತ ಬಿತ್ತು. ಪಾಪದ ಪಂಪು.

ಹೋಸಿನ ರಬ್ಬರ್ ಕಲ್ಲಾಗಿತ್ತು. ಚಳಿಗೆ ಕುಗ್ಗಿದಾಗ ಕೂದಲೆಳೆ ಸಂದು ಬಿಡುತ್ತಿತ್ತು, ಎಂಜಿನ್ ಬಿಸಿಯಾದಾಗ ಪೈಪು ಹಿಗ್ಗಿ ಮುಚ್ಚಿಕೊಳ್ಳುತ್ತಿತ್ತು. ಹೊಸ ಹೋಸು ಹಾಕಿ, ಸ್ಕ್ರೂ ಕ್ಲಾಂಪಿನ ಬದಲು ಸ್ಪ್ರಿಂಗ್ ಕ್ಲಾಂಪ್ ಕೂರಿಸಿದೆ. ಸ್ಪ್ರಿಂಗ್ ಆದರೆ ರಬ್ಬರ್ ಕುಗ್ಗಿದಂತೆ ತಾನೂ ಬಿಗಿಯುತ್ತದೆ. ಹೋಸಿನ ಬೆಲೆ ಹೇಳಿದಾಗ ಅವರು ಮಾತಾಡದೆ ಒಳಗೆ ಹೋಗಿ ಇನ್ನೊಂದು ಲೋಟ ಚಹಾ ತಂದರು.

ಪೈಪಿನಲ್ಲಿ ಇನ್ನೊಂದು ವಸ್ತುವೂ ಸಿಕ್ಕಿತು: ಅರಿಶಿನ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವುದು ಲಾರಿ ಡ್ರೈವರುಗಳ ಹಳೇ ವಿದ್ಯೆ. ಅರ್ಧ ರಾತ್ರಿ ಅರಬೈಲ್ ಘಾಟಿಯಲ್ಲಿ ಸಿಕ್ಕಿಬಿದ್ದವರಿಗೆ ಅದು ಬೆಳಗಿನವರೆಗೆ ಜೀವ ಹಿಡಿದುಕೊಟ್ಟರೂ ಕೊಟ್ಟೀತು, ಬೈಯುವುದಿಲ್ಲ. ಆದರೆ ಆ ಪುಡಿಗೆ ತೂತು ಯಾವುದು, ರೇಡಿಯೇಟರಿನ ಸಣ್ಣ ನಾಳ ಯಾವುದು ಅಂತ ಗೊತ್ತಿಲ್ಲ. ಎರಡನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಸೋರಿಕೆ ಮದ್ದುಗಳ ಬಗ್ಗೆಯೂ ಹಳೆಯ ಎಂಜಿನ್ನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹೆಚ್ಚುಕಡಿಮೆ ಇದೇ. ಅರಿಶಿನ ಸಾರಿಗೆ ಇರಲಿ.

ಎಂಜಿನ್ ಆಯಿಲಿನದಾದರೆ ನಮ್ಮ ವಿದ್ಯೆ ಪೌಡರ್ ಡಬ್ಬಿ. ಸಂಶಯವಿರುವ ಜಾಗವನ್ನು ತೊಳೆದು ಒಣಗಿಸಿ (ಇಲ್ಲಿ ತೊಳೆಯುವವರು ನಾವು, ನೀವಲ್ಲ), ಮಗುವಿಗೆ ಹಚ್ಚುವ ಪೌಡರ್ ಉದುರಿಸಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಬರುವುದು. ಬಿಳಿಯ ಮೇಲೆ ಕಂದು ಗೆರೆ ಎಳೆದಿರುತ್ತದೆ. ಗೆರೆಯ ಮೇಲಿನ ತುದಿಯೇ ಕಳ್ಳ. ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಪಾಠವೊಂದಿದೆ: ಎಂಜಿನ್ ತಲೆಯ ಹಿಂದುಗಡೆ ಕ್ಯಾಮ್ ಸೆನ್ಸರಿನ ಸಣ್ಣ ರಬ್ಬರ್ ಉಂಗುರ ವಯಸ್ಸಾಗಿ ಗಟ್ಟಿಯಾದರೆ ಆಯಿಲ್ ಅಲ್ಲಿಂದ ಇಳಿದು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಹಿಂದಿನ ಸೀಲು ಅಂತ ಗೇರ್‌ಬಾಕ್ಸನ್ನೇ ಇಳಿಸುತ್ತಾರೆ. ಉಂಗುರದ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು.

ಕಾದು ನೋಡುವ, ಬರೆದಿಡುವ ಈ ಮಾತೆಲ್ಲ ಕೂಲಂಟಿಗೆ, ಆಯಿಲಿಗೆ. ಪೆಟ್ರೋಲಿಗೂ ಬ್ರೇಕ್ ಆಯಿಲಿಗೂ ಅಲ್ಲ. ಬ್ರೇಕ್ ಆಯಿಲ್ ಕಮ್ಮಿಯಾದ ಕಾರನ್ನು ‘ನಿಧಾನಕ್ಕೆ ಇಳಿಸ್ತೇನೆ’ ಅಂತ ಘಾಟಿಗೆ ತಂದವರೊಬ್ಬರನ್ನು ನೋಡಿ ನನ್ನ ಕೈಕಾಲು ತಣ್ಣಗಾಗಿತ್ತು. ಹನಿ ಒಂದೇ ಇರಲಿ, ಟ್ರಕ್ ಮೇಲೆ ಹಾಕಿಸಿ ತನ್ನಿ. ಈಗ ಪಂಪುಗಳಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾರಿನ ಮೂಲ ರಬ್ಬರ್ ಹೋಸುಗಳು ಅದಕ್ಕೆಂದು ಮಾಡಿದವಲ್ಲ. ವಾಸನೆ ಬರುವ ಮೊದಲೇ ಬದಲಾಯಿಸುವುದು ಒಳ್ಳೆಯದು.

ಉಳಿದದ್ದಕ್ಕೆ ನೀವು ಮಾಡಬೇಕಾದದ್ದು ಇಷ್ಟು. ರಾತ್ರಿ ಕಾರಿನಡಿಗೆ ಫ್ರಿಜ್ ಪೆಟ್ಟಿಗೆಯ ರಟ್ಟು ಹಾಸಿ, ಮುಂದಿನ ಚಕ್ರಗಳ ಜಾಗ ಗುರುತು ಹಾಕಿ. ಬೆಳಿಗ್ಗೆ ಕಲೆಯ ಪಕ್ಕ ತಾರೀಕು, ಹೊತ್ತು, ಚಳಿಯೋ ಸೆಕೆಯೋ, ಎಷ್ಟು ಓಡಿಸಿ ನಿಲ್ಲಿಸಿದ್ದು, ಮೂತಿ ಯಾವ ಕಡೆ ಇತ್ತು ಅಂತ ಬರೆಯಿರಿ. ಆ ರಟ್ಟನ್ನೇ ತನ್ನಿ, ಫೋಟೋ ಬೇಡ.

ಮತ್ತೆ, ಎಲ್ಲದಕ್ಕೂ ‘ಲೀಕ್’ ಅನ್ನಬೇಡಿ ಮಾರಾಯ್ರೇ. ಕನ್ನಡದಲ್ಲಿ ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು, ಸುರಿಯುವುದು ಅಂತ ಇಷ್ಟು ಮಾತುಗಳಿವೆ. ಒಸರುವುದಕ್ಕೆ ಮಾಡುವ ಕೆಲಸವೇ ಬೇರೆ, ಸುರಿಯುವುದಕ್ಕೆ ಮಾಡುವುದೇ ಬೇರೆ. ಶಿರಸಿಯ ಆ ಕಾರಿನ ಹಿಂದಿನ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಪೆಟ್ಟಿಗೆ, ಈಗ ಒಸರುತ್ತಿದೆ, ಹನಿ ಬೀಳುವಷ್ಟಿಲ್ಲ, ಧೂಳು ಅಂಟುವಷ್ಟು. ಬಿಚ್ಚಲೇ ಅಂತ ಅವರು ಕೇಳಿದರು. ಬೇಡ ಅಂದೆ, ಆರು ತಿಂಗಳಿಗೊಮ್ಮೆ ಆಯಿಲ್ ಮಟ್ಟ ನೋಡಿ, ಪುಸ್ತಕದಲ್ಲಿ ಬರೆದಿಡಿ. ಬರೆಯುತ್ತಿದ್ದಾರೆ, ಚಾಲಿ ಅಡಿಕೆಯ ದರದ ಪಕ್ಕದಲ್ಲೇ.