ಗಾಳಿಯೇ ಸುಡುವಾಗ ಬೈಕ್ ಸವಾರಿ

ಮಧ್ಯಾಹ್ನದ ಬಿಸಿಲಲ್ಲಿ ಸಿಗ್ನಲ್ ಬಳಿ ನಿಂತಿರುತ್ತೇವೆ. ಕೆಳಗೆ ಎಂಜಿನ್ನಿನ ಕಾವು, ಅದರ ಕೆಳಗೆ ಟಾರಿನ ಕಾವು. ಸ್ವಲ್ಪ ಮುಂದೆ ಹೋದರೆ ಸಾಕು, ಗಾಳಿ ಬೀಸಿ ಹಾಯೆನಿಸುತ್ತದೆ ಅಂದುಕೊಳ್ಳುತ್ತೇವೆ. ಆದರೆ 42 ಡಿಗ್ರಿ ಇರುವ ದಿನ ಆಗುವುದೇ ಬೇರೆ. ಉರಿಯುವ ಒಲೆಯ ಮುಂದೆ ಕೂತಂತೆ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ. ವೇಗ ಹೆಚ್ಚಿಸಿದಷ್ಟೂ ಉರಿ ಜಾಸ್ತಿ. ಆಗ ತುಂಬಾ ಜನ ಜಾಕೆಟ್ ಬಿಚ್ಚಿ ಬ್ಯಾಗಿಗೆ ತುರುಕುತ್ತಾರೆ. ಬಿದ್ದರೆ ಚರ್ಮ ಕಿತ್ತುಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದಿರುವುದು ಅದನ್ನಲ್ಲ. ಬೀಳದೇ ಹೋದರೂ ಇದು ತಪ್ಪು. ಅಂಥ ಬಿಸಿಯನ್ನು ತಡೆಯುವುದಕ್ಕೇ ಆ ಜಾಕೆಟ್ ಬೇಕು.

ಇದನ್ನು ಅರ್ಥ ಮಾಡಿಸುವ ಒಂದು ಪ್ರಯೋಗ, ಪೆಟ್ರೋಲ್ ಬೈಕ್ ಹುಟ್ಟುವುದಕ್ಕೂ ನೂರು ವರ್ಷ ಮೊದಲೇ ನಡೆದಿತ್ತು. 1770ರ ದಶಕದಲ್ಲಿ ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯರು ಲಂಡನ್ನಿನಲ್ಲಿ ಚೆನ್ನಾಗಿ ಕಾಯಿಸಿದ ಒಂದು ಕೋಣೆಯೊಳಗೆ ಹೋದರು. ಅಲ್ಲಿನ ಬಿಸಿ 260 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 127 ಡಿಗ್ರಿ ಸೆಲ್ಸಿಯಸ್. ಮೈತುಂಬಾ ಬಟ್ಟೆ, ದಪ್ಪ ಉಣ್ಣೆಯ ಕಾಲುಚೀಲ, ಕೈಗವಸು ತೊಟ್ಟು ಅವರು 8 ನಿಮಿಷ ಒಳಗಿದ್ದರು. ಏಳು ನಿಮಿಷದವರೆಗೆ ಉಸಿರಾಟಕ್ಕೂ ತೊಂದರೆಯಾಗಲಿಲ್ಲ, ಕೊನೆಗಷ್ಟೇ ಎದೆ ಸ್ವಲ್ಪ ಬಿಗಿದಂತಾಗಿ ಹೊರಬಂದರು. ಇನ್ನೊಮ್ಮೆ ಅಂಗಿಯಿಲ್ಲದೆ ಹೋದಾಗ ಬಿಸಿಗಾಳಿ ತಾಗಿದ್ದು ಮೊದಲಿಗಿಂತ ಹೆಚ್ಚು ಕಷ್ಟವೆನಿಸಿತು. ಐದಾರು ನಿಮಿಷದಲ್ಲಿ ಬೆವರು ಕಿತ್ತುಬಂದ ಮೇಲಷ್ಟೇ ಹಾಯೆನಿಸಿತು. ಅದೇ ಕೋಣೆಯಲ್ಲಿ ಇಟ್ಟಿದ್ದ ಮಾಂಸದ ತುಂಡು ಸುಮಾರು ಅರ್ಧ ಗಂಟೆಯಲ್ಲಿ ಬೆಂದುಹೋಯಿತು. ಇನ್ನೊಂದು ತುಂಡಿಗೆ ತಿದಿಯಿಂದ ಗಾಳಿ ಊದಿದರು. ಅದು 13 ನಿಮಿಷದಲ್ಲೇ ಬೆಂದಿತು.

ಆಗ ಕೋಣೆ ಇನ್ನಷ್ಟು ಕಾದಿತ್ತು, ನಿಜ. ಆದರೆ ಗಾಳಿ ಬೀಸಿದ್ದೂ ಬೇಯುವುದನ್ನು ಚುರುಕಾಗಿಸಿತು. ಸುಡುಬಿಸಿಲಲ್ಲಿ ಬೈಕಿನ ವೇಗ ನಮ್ಮ ಮೈಗೆ ಆ ತಿದಿಯ ಕೆಲಸವನ್ನೇ ಮಾಡುತ್ತದೆ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯ ಕಾವನ್ನು ಹೊತ್ತೊಯ್ಯುತ್ತದೆ. ಅದಕ್ಕಿಂತ ಬಿಸಿಯಾಗಿದ್ದರೆ ತನ್ನ ಕಾವನ್ನೇ ನಮಗೆ ತಂದು ಸುರಿಯುತ್ತದೆ. ಆಮೇಲೆ ನಮ್ಮನ್ನು ಕಾಪಾಡುವುದು ಬೆವರು ಮಾತ್ರ. ಒಂದು ಲೀಟರ್ ಬೆವರು ಮೈಮೇಲೆ ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖ ಹೊರಗೆ ಹೋಗುತ್ತದೆ. ಏಳು ಲೀಟರ್ ತಣ್ಣೀರನ್ನು ಕುದಿಸಲು ಹೆಚ್ಚುಕಡಿಮೆ ಅಷ್ಟೇ ಶಾಖ ಬೇಕು. ಬೆವರಿಗೆ ಎಂಥಾ ಶಕ್ತಿ ಇದೆ, ಅಲ್ವಾ?

ಬರಿಮೈಗೆ ಬೀಸುವ ಒಣ ಬಿಸಿಗಾಳಿ ಈ ಬೆವರನ್ನು ಹುಟ್ಟಿದ ಕೂಡಲೇ ಒಣಗಿಸಿಬಿಡುತ್ತದೆ. ಮೈ ಒಣಗಿದ ಮೇಲೂ ಗಾಳಿ ನಿಲ್ಲುವುದಿಲ್ಲ. ತಂಪು ಮಾಡಲು ಬೆವರು ಸಾಲದು, ಕಾಯಿಸಲು ಗಾಳಿ ಬೇಕಾದಷ್ಟಿದೆ. ಜಾಕೆಟ್ ಇದ್ದರೆ ಗಾಳಿಯ ರಭಸ ತಗ್ಗುತ್ತದೆ, ಬಿಸಿಲು ನೇರವಾಗಿ ಚರ್ಮಕ್ಕೆ ಬೀಳುವುದಿಲ್ಲ, ಬೆವರು ನಿಧಾನವಾಗಿ ಆರುತ್ತಾ ತಂಪು ಕೊಡುತ್ತದೆ. ಮರಳುಗಾಡಿನ ಜನ ಮೈ ಮುಚ್ಚುವ ಸಡಿಲ ಬಟ್ಟೆ ತೊಡುವುದು ಸುಮ್ನೆ ಅಲ್ಲ. ಹಾಗಾಗಿ ಗಾಳಿ ಸರಾಗವಾಗಿ ಹಾಯುವ ಜಾಲರಿಯ ಮೆಶ್ ಜಾಕೆಟ್ 35 ಡಿಗ್ರಿಯವರೆಗೆ ಬಹಳ ಒಳ್ಳೆಯದು. 40 ದಾಟಿದ ಒಣ ಬಿಸಿಲಿಗೆ, ಬೇಕಾದಷ್ಟು ತೆರೆದು ಮುಚ್ಚಬಹುದಾದ ಗಾಳಿಕಿಂಡಿಗಳಿರುವ ಜಾಕೆಟ್ಟೇ ಮೇಲು ಅನ್ನುತ್ತೇನೆ. ಹೆಲ್ಮೆಟ್ಟಿನ ಗ್ಲಾಸನ್ನೂ ಇಳಿಸಿಯೇ ಇರಬೇಕು. ಇಲ್ಲದಿದ್ದರೆ ಮೊದಲು ಒಣಗುವುದು ಕಣ್ಣು.

ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿದೆ, ಖರ್ಚಿಲ್ಲದ್ದು. ಒಳಗಿನ ಹತ್ತಿ ಅಂಗಿಯನ್ನು ನೀರಲ್ಲಿ ಅದ್ದಿ, ಹಿಂಡಿ, ತೊಟ್ಟುಕೊಳ್ಳಿ. ಅದರ ಮೇಲೆ ಜಾಕೆಟ್ ಹಾಕಿ, ಕಿಂಡಿಗಳನ್ನು ಸ್ವಲ್ಪವೇ ತೆರೆದಿಡಿ. ಬೆವರು ಮಾಡಬೇಕಾದ ಕೆಲಸದಲ್ಲಿ ಒಂದಷ್ಟನ್ನು ಆ ನೀರೇ ಮಾಡುತ್ತದೆ. ಮೈಯ ನೀರು ಮೈಯಲ್ಲೇ ಉಳಿಯುತ್ತದೆ. ಅಂಗಿ ಆರಿದಾಗ ಮತ್ತೆ ನೆನೆಸಿಕೊಂಡರಾಯಿತು.

ಸಮುದ್ರದ ಬದಿಯ ಜಿಗುಟು ಸೆಕೆಗೆ ಮಾತ್ರ ಈ ಲೆಕ್ಕ ಬೇರೆ. ಅಲ್ಲಿ ಗಾಳಿ 32 ಡಿಗ್ರಿಯೇ ಇರಬಹುದು, ಆದರೆ ಅದರಲ್ಲಿ ಆಗಲೇ ನೀರಿನ ಆವಿ ತುಂಬಿರುತ್ತದೆ. ಬೆವರು ಆರುವುದಿಲ್ಲ, ಸುಮ್ಮನೆ ಹರಿಯುತ್ತದೆ. ಹರಿದುಹೋದ ಬೆವರಿನಿಂದ ತಂಪಿಲ್ಲ. ಒದ್ದೆ ಅಂಗಿಯಿಂದಲೂ ಹೆಚ್ಚು ಲಾಭವಿಲ್ಲ. ಅಂಥ ಕಡೆ ಜಾಕೆಟ್ಟಿನ ಎಲ್ಲ ಕಿಂಡಿಗಳನ್ನೂ ತೆರೆದಿಡಿ.

ಒಣ ಬಿಸಿಲಿನ ನಿಜವಾದ ಮೋಸ ಬೇರೆಯೇ ಇದೆ. ಅಂಗಿ ಒಣಗಿಯೇ ಇರುತ್ತದೆ, ಅದಕ್ಕೇ ನಾನೇನೂ ಬೆವರಿಲ್ಲ ಅನಿಸುತ್ತದೆ. ಅಷ್ಟರಲ್ಲಿ ಮೈಯಿಂದ ಗಂಟೆಗೆ ಒಂದು ಲೀಟರ್ ನೀರು ಹೋಗಿದ್ದರೂ ಅಚ್ಚರಿಯಿಲ್ಲ. ಅದರ ಪೆಟ್ಟು ಮೊದಲು ಬೀಳುವುದು ಗಮನದ ಮೇಲೆ. 2015ರಲ್ಲಿ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಕೆಲವರನ್ನು ಕಾರು ಓಡಿಸುವ ಸಿಮ್ಯುಲೇಟರಿನಲ್ಲಿ ಎರಡು ಗಂಟೆ ಕೂರಿಸಿದರು. ಸಾಕಷ್ಟು ನೀರು ಕುಡಿದ ದಿನ 47 ಇದ್ದ ತಪ್ಪುಗಳು, ನೀರು ಕಡಿಮೆ ಕುಡಿದ ದಿನ 101 ಆದವು. ಲೇನ್ ಬಿಟ್ಟು ಸರಿಯುವುದು, ತಡವಾಗಿ ಬ್ರೇಕ್ ಹಿಡಿಯುವುದು, ಇಂಥವೇ. ಕಾರಿನಲ್ಲಿ ಇಂಥ ತಪ್ಪಿಗೆ ಕೆಲವೊಮ್ಮೆ ಕ್ಷಮೆ ಸಿಗಬಹುದು. ಎರಡು ಚಕ್ರದ ಮೇಲೆ ಸಿಗುವುದು ಕಷ್ಟ. ಬಾಯಾರುವವರೆಗೂ ಕಾಯಬೇಡಿ. ಗಂಟೆಗೊಮ್ಮೆಯಾದರೂ ನೆರಳಲ್ಲಿ ನಿಲ್ಲಿಸಿ, ನೀರು ಕುಡಿಯಿರಿ. ದಿನವಿಡೀ ಓಡಿಸುವವರು ನಡುನಡುವೆ ಓಆರ್‌ಎಸ್ ಕುಡಿಯಬೇಕು, ಬೆವರಿನ ಜೊತೆ ಉಪ್ಪೂ ಹೋಗಿರುತ್ತದಲ್ಲ.

ಬೈಕಿನ ಬಗ್ಗೆ ಎರಡೇ ಮಾತು. ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ. 25 ಡಿಗ್ರಿಯಲ್ಲಿ 33 ಪಿಎಸ್‌ಐ ಇದ್ದ ಗಾಳಿಯ ಒತ್ತಡ ಟೈರ್ 65 ಡಿಗ್ರಿಗೆ ಕಾದಾಗ 39ರ ಹತ್ತಿರ ಹೋಗುತ್ತದೆ. ಜಾಸ್ತಿಯಾಯಿತೆಂದು ಗಾಳಿ ಬಿಡಬೇಡಿ. ಗಾಳಿ ಕಡಿಮೆಯಾದ ಟೈರ್ ಹೆಚ್ಚು ಬಾಗಿ ಇನ್ನೂ ಕಾಯುತ್ತದೆ. ಇನ್ನು, ರಸ್ತೆಯ ಬಿರುಕಿಗೆ ಬಳಿದ ಟಾರು ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ. ತಿರುವಿನಲ್ಲಿ ಕಪ್ಪಗೆ ಹೊಳೆಯುವ ಪಟ್ಟಿ ಕಂಡರೆ ಬೈಕನ್ನು ಹೆಚ್ಚು ವಾಲಿಸಬೇಡಿ.

ತಲೆನೋವು, ತಲೆಸುತ್ತು, ವಾಕರಿಕೆ, ಸುಡುಬಿಸಿಲಲ್ಲೂ ಮೈ ಜುಮ್ಮೆನ್ನುವುದು, ಗೇರ್ ತಪ್ಪುವುದು: ಇವುಗಳಲ್ಲಿ ಒಂದು ಕಂಡರೂ ಆಗಲೇ ಬೈಕ್ ನಿಲ್ಲಿಸಬೇಕು. ಇನ್ನು ಐದೇ ಕಿಲೋಮೀಟರ್ ಅನ್ನಬೇಡಿ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ ಮಾತು ತೊದಲಿದರೆ, ಗೊಂದಲವಾದರೆ ಅದು ಹೀಟ್ ಸ್ಟ್ರೋಕ್. ತನಗೇನೋ ಆಗಿದೆ ಎಂದು ಆ ಸವಾರನಿಗೇ ತಿಳಿಯುವುದಿಲ್ಲ. ಜೊತೆಯಲ್ಲಿರುವವರೇ ಗಮನಿಸಬೇಕು. ಆಂಬುಲೆನ್ಸಿಗೆ ಫೋನ್ ಮಾಡಿ. ಅದು ಬರುವವರೆಗೆ ಸುಮ್ಮನೆ ಕೂರಬೇಡಿ. ನೆರಳಿಗೆ ಎಳೆದು, ಹೆಲ್ಮೆಟ್ ಜಾಕೆಟ್ ತೆಗೆದು, ಮೈತುಂಬಾ ನೀರು ಸುರಿಯುತ್ತಾ, ಸಿಕ್ಕಿದ್ದರಲ್ಲಿ ಬೀಸುತ್ತಾ ಇರಿ. ಚರ್ಮ ಒದ್ದೆಯಾಗಿರುವವರೆಗೆ ಅದೇ ಗಾಳಿ ಈಗ ಕಾವನ್ನು ಕಳೆಯುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯನ್ನೂ ಕೊಡಬೇಡಿ. ಇದು ಜ್ವರವಲ್ಲ, ಆ ಮಾತ್ರೆ ಈ ಬಿಸಿಯನ್ನು ಇಳಿಸುವುದಿಲ್ಲ.