ವಿಂಡೋಸ್.ಓಲ್ಡ್ ಅಳಿಸಬಹುದು, ಪ್ರೀಫೆಚ್ ಸುಮ್ನೆ ಬಿಡಿ

ಪ್ರಶ್ನೆ: ವಿಂಡೋಸ್ 10 ಇದ್ದ ಕಂಪ್ಯೂಟರನ್ನು 11ಕ್ಕೆ ಅಪ್‌ಗ್ರೇಡ್ ಮಾಡಿಸಿದೆ. ಈಗ ಸಿ ಡ್ರೈವ್ ಕೆಂಪಗಾಗಿದೆ. ಒಳಗೆ ವಿಂಡೋಸ್.ಓಲ್ಡ್ ಅಂತ ದೊಡ್ಡ ಫೋಲ್ಡರ್ ಇದೆ. ಡಿಲೀಟ್ ಒತ್ತಿದರೆ ಪರ್ಮಿಶನ್ ಇಲ್ಲ ಅನ್ನುತ್ತದೆ. ಅದನ್ನು ಅಳಿಸಬಹುದಾ? ಟೆಂಪ್, ಪ್ರೀಫೆಚ್ ಅನ್ನುವ ಫೋಲ್ಡರ್‌ಗಳನ್ನೆಲ್ಲ ಖಾಲಿ ಮಾಡಿದರೆ ಸ್ಪೀಡ್ ಆಗುತ್ತದಂತೆ, ಅದನ್ನೂ ಮಾಡಲಾ?

ಉತ್ತರ: ವಿಂಡೋಸ್.ಓಲ್ಡ್ ಅಳಿಸಬಹುದು. ಟೆಂಪ್ ಕೂಡ ಅಳಿಸಬಹುದು. ಪ್ರೀಫೆಚ್ ಬೇಡ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗಿನಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ವಿಂಡೋಸ್.ಓಲ್ಡ್ ಅಂದರೆ ನಿಮ್ಮ ಹಳೆಯ ವಿಂಡೋಸೇ. ಹೊಸದು ಹಿಡಿಸದಿದ್ದರೆ ವಾಪಸ್ ಹೋಗಲಿ ಅಂತ ಅದನ್ನು ಎತ್ತಿಟ್ಟಿರುತ್ತಾರೆ. ಆ ಅವಕಾಶ ಇರುವುದು 10 ದಿನ. ಆಮೇಲೆ ವಿಂಡೋಸೇ ಅದನ್ನು ಅಳಿಸಬೇಕು, ಸಾಮಾನ್ಯವಾಗಿ ಅಳಿಸುತ್ತದೆ ಕೂಡ. ಅಷ್ಟರಲ್ಲಿ ಪ್ರಿಂಟರ್, ಸ್ಕ್ಯಾನರ್, ಟ್ಯಾಲಿ ಎಲ್ಲ ಸರಿಯಾಗಿ ನಡೆಯುತ್ತಿವೆಯಾ ನೋಡಿಕೊಳ್ಳಿ. ಜಾಗಕ್ಕೆ ತುಂಬಾ ಅವಸರ ಇದ್ದರೆ ಮೊದಲೇ ತೆಗೆಯಬಹುದು, ಆದರೆ ಹಿಂದಕ್ಕೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು.

ತೆಗೆಯಬೇಕಾದದ್ದು ಡಿಲೀಟ್ ಕೀಲಿ ಒತ್ತಿ ಅಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಅಂತ ಹೋಗಿ. ಅಲ್ಲಿ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್ಸ್’ ಎಂಬುದಕ್ಕೆ ಟಿಕ್ ಹಾಕಿ ತೆಗೆಯಿರಿ. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಕೂಡ ಕೂತಿರುತ್ತದೆ. ಕಂಡದ್ದಕ್ಕೆಲ್ಲ ಟಿಕ್ ಹಾಕುವವರು ಆಧಾರ್ ಪಿಡಿಎಫ್, ಮಕ್ಕಳ ಹಾಲ್ ಟಿಕೆಟ್ ಎಲ್ಲ ಕಳೆದುಕೊಳ್ಳುವುದು ಇಲ್ಲೇ. ಪರ್ಮಿಶನ್ ಇಲ್ಲ ಅಂದಿತು ಅಂತ ಯಾವುದೋ ವಿಡಿಯೋ ನೋಡಿ ಓನರ್‌ಶಿಪ್ ಬದಲಾಯಿಸುವ ಕಮಾಂಡ್ ಹೊಡೆಯಬೇಡಿ. ನೇರ ದಾರಿ ಇರುವಾಗ ಬೀಗ ಮುರಿಯುವುದು ಯಾಕೆ?

ಈಗ ಪ್ರೀಫೆಚ್. ಎಲ್ಲರೂ ಹೇಳಿಕೊಡುವುದು ಹೀಗೆ: ರನ್ ಬಾಕ್ಸ್ ತೆರೆ, ಟೆಂಪ್ ಅಂತ ಟೈಪ್ ಮಾಡು, ಎಲ್ಲ ಅಳಿಸು. ಮತ್ತೆ ಶೇಕಡಾ ಚಿಹ್ನೆ ಹಾಕಿ ಟೆಂಪ್, ಅಳಿಸು. ಕೊನೆಗೆ ಪ್ರೀಫೆಚ್, ಅದನ್ನೂ ಅಳಿಸು. ಈ ಮೂರು ಮಂತ್ರ ಗೊತ್ತಿಲ್ಲದ ಕಂಪ್ಯೂಟರ್ ಕ್ಲಾಸ್ ಇಲ್ಲ, ರಿಪೇರಿ ಅಂಗಡಿ ಇಲ್ಲ. ಮೊದಲ ಎರಡರ ಬಗ್ಗೆ ನನ್ನ ತಕರಾರಿಲ್ಲ. ಅವು ನಿಜವಾಗಿಯೂ ತಾತ್ಕಾಲಿಕ ಫೈಲುಗಳು. ಯಾವುದಾದರೂ ಬಳಕೆಯಲ್ಲಿದ್ದರೆ ಸ್ಕಿಪ್ ಕೊಡಿ, ಉಳಿದದ್ದು ಹೋಗಲಿ. ಮೂರನೆಯದು ಶುದ್ಧ ಮೂಢನಂಬಿಕೆ.

ಪ್ರೀಫೆಚ್ ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲಿ ಬಂತು. ನೀವು ವರ್ಡ್ ತೆರೆದಿರಿ ಅನ್ನಿ. ಶುರುವಾಗುವಾಗಿನ ಕೆಲವು ಸೆಕೆಂಡುಗಳಲ್ಲಿ ಅದು ಡಿಸ್ಕ್‌ನಿಂದ ಏನೇನು ಓದಿತು ಎಂದು ವಿಂಡೋಸ್ ಗುರುತು ಹಾಕಿಕೊಳ್ಳುತ್ತದೆ. ಮುಂದಿನ ಸಲ ನೀವು ಕ್ಲಿಕ್ ಮಾಡುತ್ತಿದ್ದಂತೆ, ವರ್ಡ್ ಒಂದೊಂದಾಗಿ ಕೇಳುವವರೆಗೆ ಕಾಯದೆ, ಬೇಕಾದದ್ದನ್ನೆಲ್ಲ ಒಟ್ಟಿಗೆ ಓದಿ ಇಡುತ್ತದೆ. ಪ್ರೀಫೆಚ್ ಫೋಲ್ಡರ್‌ನಲ್ಲಿ ಇರುವುದು ಆ ಗುರುತುಗಳು. ದಿನಾ ಬರುವ ಗಿರಾಕಿ ಕೂರುವ ಮೊದಲೇ ಹೋಟೆಲ್ ಮಾಣಿ ಒಳಗೆ ಸ್ಟ್ರಾಂಗ್ ಕಾಫಿ ಹೇಳಿರುತ್ತಾನಲ್ಲ, ಅದೇ ಥರ. ಅವನ ನೆನಪು ಅಳಿಸಿದರೆ ಕಾಫಿ ಬೇಗ ಬರುತ್ತದಾ?

‘ಆದ್ರೂ ಕಸ ಸೇರಿಕೊಳ್ಳುತ್ತಲ್ಲ ಸಾರ್’ ಅನ್ನುತ್ತಾರೆ. ಸೇರಿಕೊಳ್ಳುವುದಿಲ್ಲ. ಇಷ್ಟೇ ಫೈಲು ಅಂತ ಅದಕ್ಕೆ ಮಿತಿ ಇದೆ: ವಿಂಡೋಸ್ 7ರವರೆಗೆ 128, 8ರಿಂದ ಈಚೆಗೆ 1024. ಮಿತಿ ತುಂಬಿದರೆ ಹಳೆಯದನ್ನು ಅದೇ ತೆಗೆದುಕೊಳ್ಳುತ್ತದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಕೆಲವು ಎಂಬಿ ಇರುತ್ತದೆ ಅಷ್ಟೇ. ವಾಟ್ಸ್ಯಾಪ್‌ನಲ್ಲಿ ಬಂದ ಒಂದು ಮದುವೆ ವಿಡಿಯೋ ಇದಕ್ಕಿಂತ ದೊಡ್ಡದು. ಹೀಗಾಗಿ ಅಳಿಸಿದರೆ ಜಾಗವೂ ಇಲ್ಲ, ವೇಗವೂ ಇಲ್ಲ. ಆಮೇಲೆ ಪ್ರತಿ ಪ್ರೋಗ್ರಾಮನ್ನೂ ಮೊದಲ ಸಲ ತೆರೆಯುವಾಗ ಸ್ವಲ್ಪ ನಿಧಾನವೇ ಆಗುತ್ತದೆ, ಮತ್ತೆ ಅದೇ ಫೈಲುಗಳು ಹುಟ್ಟಿಕೊಳ್ಳುತ್ತವೆ. ಅವು ಮತ್ತೆ ಬಂದದ್ದನ್ನು ನೋಡಿ ‘ನೋಡಿ, ಒಂದೇ ವಾರಕ್ಕೆ ಎಷ್ಟು ಕಸ’ ಅಂತ ಇನ್ನೊಮ್ಮೆ ಅಳಿಸುವವರನ್ನು ಕಂಡರೆ ಏನು ಹೇಳುವುದೋ ತಿಳಿಯುವುದಿಲ್ಲ.

ಕೊನೆಯ ವಾದ ಒಂದಿದೆ. ‘ನಾನೇ ಮಾಡಿ ನೋಡಿದ್ದೇನೆ, ಸ್ಪೀಡ್ ಆಯ್ತು’. ಆಗಿರಬಹುದು. ಅಳಿಸಿದ ಮೇಲೆ ಎಲ್ಲರೂ ಏನು ಮಾಡುತ್ತಾರೆ? ರೀಸ್ಟಾರ್ಟ್. ಗುಟ್ಟು ಇರುವುದು ಅಲ್ಲಿ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದಿದೆ. ಅದು ಆನ್ ಇದ್ದರೆ ನೀವು ದಿನಾ ರಾತ್ರಿ ಶಟ್‌ಡೌನ್ ಮಾಡಿದರೂ ಸಿಸ್ಟಮ್ ಪೂರ್ತಿ ಆರುವುದಿಲ್ಲ. ಅದರ ಒಳಭಾಗವನ್ನು ಒಂದು ಫೈಲಿಗೆ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಶುರು ಮಾಡುತ್ತದೆ. ನಿನ್ನೆಯ ತೊಡಕು ಇವತ್ತಿಗೂ ಹಾಗೇ ಬರುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲ ಹೊಸದಾಗಿ ಶುರು. ಏನನ್ನೂ ಅಳಿಸದೆ ಬರೀ ರೀಸ್ಟಾರ್ಟ್ ಮಾಡಿ ನೋಡಿ, ಅಷ್ಟೇ ಸ್ಪೀಡ್ ಸಿಗುತ್ತದೆ.

ಇನ್ನು ಕೈ ಹಾಕಬಾರದ ಎರಡು ಜಾಗ ಹೇಳಿಬಿಡುತ್ತೇನೆ. ವಿಂಡೋಸ್ ಒಳಗಿನ ‘ಇನ್‌ಸ್ಟಾಲರ್’ ಫೋಲ್ಡರ್ ಅಳಿಸಿದರೆ ಎಷ್ಟೋ ಪ್ರೋಗ್ರಾಮ್‌ಗಳು ಆಮೇಲೆ ಅಪ್‌ಡೇಟೂ ಆಗುವುದಿಲ್ಲ, ಅನ್‌ಇನ್‌ಸ್ಟಾಲೂ ಆಗುವುದಿಲ್ಲ. ಅಲ್ಲೇ ಇರುವ ‘ವಿನ್‌ಎಸ್‌ಎಕ್ಸ್‌ಎಸ್’ ಫೋಲ್ಡರ್ ದೊಡ್ಡದಾಗಿ ಕಾಣುತ್ತದೆ, ಆದರೆ ಅಲ್ಲಿನ ಎಷ್ಟೋ ಫೈಲುಗಳು ಬೇರೆ ಫೋಲ್ಡರ್‌ನಲ್ಲೂ ಕಾಣುವ ಅವೇ ಫೈಲುಗಳು. ಲೆಕ್ಕ ಎರಡೆರಡು ಸಲ ಬರುತ್ತದೆ ಅಷ್ಟೇ. ಕೈಯಿಂದ ಅಳಿಸಿದರೆ ವಿಂಡೋಸ್ ಏಳದೇ ಹೋಗಬಹುದು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ‘ಸ್ವಚ್ಛ’ ಮಾಡುತ್ತೇವೆ ಅನ್ನುವ ರಿಜಿಸ್ಟ್ರಿ ಕ್ಲೀನರ್‌ಗಳ ಬಗ್ಗೆ ಒಂದೇ ಮಾತು: ಬೇಡ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇದು. ನಿಮ್ಮದು ಅಪ್‌ಗ್ರೇಡಾ, ಅಥವಾ ಅಂಗಡಿಯವರು ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೇ ಹೊಸ ವಿಂಡೋಸ್ ಹಾಕಿದ್ದಾ? ಎರಡನೆಯದಾದರೆ ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋ ಎಲ್ಲ ವಿಂಡೋಸ್.ಓಲ್ಡ್ ಒಳಗಿನ ‘ಯೂಸರ್ಸ್’ನಲ್ಲಿ ಇರುತ್ತವೆ. ಕಾಪಿ ಮಾಡಿಕೊಳ್ಳದೆ ಟಿಕ್ ಹಾಕಬೇಡಿ.

ಹಾಗೆ ಹೊಸದಾಗಿ ಹಾಕಿದ್ದರೆ, ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸುತ್ತಿದ್ದವರಿಗೆ ಇನ್ನೊಂದು ಪೆಟ್ಟು. ಹಳೆಯ ಕನ್ನಡ ಫೈಲುಗಳು ತೆರೆಯುತ್ತವೆ, ಆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೆರೆ ಇಟ್ಟ ಚಿತ್ತಾರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ವಿಂಡೋಸ್.ಓಲ್ಡ್ ಒಳಗೆ ‘ವಿಂಡೋಸ್’, ಅದರೊಳಗೆ ‘ಫಾಂಟ್ಸ್’ಗೆ ಹೋಗಿ. ನುಡಿ ಅಥವಾ ಬಿಆರ್‌ಎಚ್ (ಬರಹದ ಫಾಂಟುಗಳ ಹೆಸರು) ಅಂತ ಹುಡುಕಿ. ಸಿಕ್ಕಿದ್ದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊಸ ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡಿ. ಅಕ್ಷರ ವಾಪಸ್ ಬರುತ್ತದೆ. ಹಾಗೇ ಪುರುಸೊತ್ತಾದಾಗ ಆ ಫೈಲುಗಳನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತಕ್ಕೆ, ಬದಲಾಯಿಸಿಕೊಳ್ಳಿ, ಆಗ ಮೊಬೈಲಿನಲ್ಲೂ ಓದಬಹುದು. ಬದಲಾಯಿಸಿದ ಮೇಲೆ ನಡುನಡುವೆ ಇಂಗ್ಲಿಷ್ ಪದ ಇರುವ ಸಾಲುಗಳನ್ನು ಕಣ್ಣಿಟ್ಟು ಓದಿ. ಪರಿವರ್ತಕಗಳು ಎಡವುವುದು ಜಾಸ್ತಿ ಅಲ್ಲೇ.