ನಿಂತು ಆಟ ನೋಡುವುದೇ ಅಪಾಯವೇ?

ಓದುಗರ ಪ್ರಶ್ನೆ: ನಮ್ಮದು ಅಂಕೋಲಾ ಕಡೆಯ ಊರು. ಹೊನಲು ಬೆಳಕಿನ ಕಬಡ್ಡಿಗೆ ಜನ ಅಂಕಣದ ಸುತ್ತ ನಿಂತೇ ನೋಡುತ್ತಾರೆ. ಬೆಂಗಳೂರಿನ ದುರಂತದ ನಂತರ ಕೆಲವರು ‘ನಿಲ್ಲೋದೇ ಬೇಡ, ಎಲ್ಲರಿಗೂ ಕುರ್ಚಿ ಹಾಕಿ’ ಎನ್ನುತ್ತಿದ್ದಾರೆ. ಕುರ್ಚಿ ಹಾಕಿದರೆ ಸಾಕಾ?

ಸಾಕಾಗುವುದಿಲ್ಲ. ಚಿನ್ನಸ್ವಾಮಿ ಸ್ಟೇಡಿಯಂ ಒಳಗೆ ಕುರ್ಚಿಗಳಿದ್ದವು. ಆದರೂ 2025ರ ಜೂನ್ 4ರಂದು 11 ಜನ ಸತ್ತರು, ಅದೂ ಹೊರಗೆ, ಗೇಟುಗಳ ಹತ್ತಿರ. ಎಲ್ಲಿ ಜನ ತುಂಬುತ್ತಲೇ ಇದ್ದು ಹೊರಬರಲು ದಾರಿ ಇರುವುದಿಲ್ಲವೋ, ಅಪಾಯ ಇರುವುದು ಅಲ್ಲಿ.

ಇಂಥ ಕಡೆ ಕಾಲಡಿ ಸಿಕ್ಕಿಯೇ ಸಾಯುತ್ತಾರೆ ಎಂದುಕೊಳ್ಳುತ್ತೇವೆ. ಹೆಚ್ಚಿನವರ ಜೀವ ಹೋಗುವುದು ಉಸಿರು ಕಟ್ಟಿ. ಎದೆ ಉಬ್ಬಲು ಜಾಗ ಸಿಗದಿದ್ದರೆ ನಿಂತಲ್ಲೇ ಪ್ರಾಣ ಹೋಗಬಹುದು. ಒಂದು ಚದರ ಮೀಟರಿಗೆ ಆರೇಳು ಜನರಾದರೆ ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ. ಕಾರವಾರದ ಕಡಲಲ್ಲಿ ಎದೆಮಟ್ಟ ನೀರಿಗೆ ಇಳಿದವರನ್ನು ಅಲೆ ಎತ್ತಿ ಸರಿಸುತ್ತದಲ್ಲ, ಹಾಗೆಯೇ ಗುಂಪು ನಮ್ಮನ್ನು ಸರಿಸುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಆದದ್ದೂ ಇದೇ. 1989ರ ಏಪ್ರಿಲ್ 15. ಹೊರಗಿನ ನೂಕುನುಗ್ಗಲು ತಗ್ಗಿಸಲು ಪೊಲೀಸರು ಒಂದು ಗೇಟು ತೆರೆಸಿದರು. ಒಳಬಂದವರೆಲ್ಲ ಎದುರಿಗೆ ಕಂಡ ಸುರಂಗದಲ್ಲಿ ನಡೆದು, ಆಗಲೇ ತುಂಬಿದ್ದ ನಡುವಿನ ಆವರಣಗಳಿಗೇ (ನಿಂತು ನೋಡಲು ಬೇಲಿ ಹಾಕಿ ಬೇರ್ಪಡಿಸಿದ ಜಾಗಗಳಿಗೇ) ಹೋದರು. ಪಕ್ಕದ ಆವರಣಗಳಲ್ಲಿ ಇನ್ನೂ ಜಾಗವಿತ್ತು! ಮುಂದೆ ಎತ್ತರದ ತಂತಿಬೇಲಿ. ಹಿಂದಿನವರಿಗೆ ಮುಂದೇನಾಗುತ್ತಿದೆ ಅಂತ ಗೊತ್ತೇ ಇರಲಿಲ್ಲ. ಒಟ್ಟು 97 ಜೀವ ಹೋಯಿತು.

ಆಮೇಲೆ ಅಲ್ಲಿನ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳು ನಿಲ್ಲುವ ಜಾಗ ತೆಗೆದು ಪೂರ್ತಿ ಸೀಟು ಹಾಕಿದವು. ಜರ್ಮನಿಯವರು ಹಾಗೆ ಮಾಡಲಿಲ್ಲ. ಡಾರ್ಟ್‌ಮಂಡ್‌ನ ಒಂದೇ ಸ್ಟ್ಯಾಂಡಿನಲ್ಲಿ ಇಂದಿಗೂ ಸುಮಾರು 25,000 ಜನ ನಿಂತು ನೋಡುತ್ತಾರೆ. 2022ರಲ್ಲಿ ಇಂಗ್ಲೆಂಡ್ ಕೂಡ ನಿಲ್ಲಲು ಮತ್ತೆ ಅನುಮತಿ ಕೊಟ್ಟಿತು. ಆದರೆ ಪ್ರತಿ ಸಾಲಿಗೂ ಸೊಂಟದೆತ್ತರದ ಕಬ್ಬಿಣದ ಸರಳು. ಹಿಂದಿನವರು ನೂಕಿದರೂ ಆ ನೂಕು ಮುಂದಿನ ಸಾಲುಗಳಿಗೆ ದಾಟುವುದಿಲ್ಲ.

ಈಗ ನಿಮ್ಮ ಕಬಡ್ಡಿಗೆ ಬರೋಣ. ಕ್ರೀಡಾಂಗಣಗಳ ಸುರಕ್ಷತೆಯ ಬ್ರಿಟಿಷ್ ಮಾರ್ಗಸೂಚಿಯಲ್ಲಿ ಒಳ್ಳೆಯ ಮೆಟ್ಟಿಲು, ಸರಳು ಇರುವ ಜಾಗಕ್ಕೂ 10 ಚದರ ಮೀಟರಿಗೆ 47 ಜನರೇ ಮಿತಿ. ಪುರುಷರ ಅಂಕಣದ ಉದ್ದ 13 ಮೀಟರ್. ಅದರ ಒಂದು ಬದಿಗೆ 3 ಮೀಟರ್ ಅಗಲದ ಜಾಗ ಬಿಟ್ಟರೆ 39 ಚದರ ಮೀಟರ್, ಅಂದರೆ ಹೆಚ್ಚೆಂದರೆ 183 ಜನ. ನಮ್ಮ ಮಣ್ಣಿನ ಮೈದಾನದಲ್ಲಿ ಅದಕ್ಕಿಂತ ಕಡಿಮೆಯೇ ಇರಲಿ.

ಬಿಡಿ ಪ್ಲಾಸ್ಟಿಕ್ ಕುರ್ಚಿ ನನಗಂತೂ ಇಷ್ಟವಿಲ್ಲ. ಕೊನೆಯ ರೈಡ್ ಬಂದಾಗ ಯಾರು ಕೂತಿರುತ್ತಾರೆ? ಕುರ್ಚಿ ಹತ್ತಿ ನಿಲ್ಲುತ್ತಾರೆ. ಓಡಬೇಕಾಗಿ ಬಂದರೆ ಅವೇ ಕಾಲಿಗೆ ಅಡ್ಡ. ಹಾಕಲೇಬೇಕು ಅಂದರೆ ಸಾಲಾಗಿ ಒಂದಕ್ಕೊಂದು ಕಟ್ಟಿ, ನಡುವೆ ದಾರಿ ಬಿಡಿ. (ಅಡಿಕೆ ಮರದ ಗ್ಯಾಲರಿ ಕಟ್ಟುವುದಾದರೆ ಅದು ಎಷ್ಟು ಭಾರ ತಡೆಯುತ್ತದೆ ಎಂದು ಎಂಜಿನಿಯರ್ ಹೇಳಬೇಕು, ಪೆಂಡಾಲಿನವರಲ್ಲ.)

ನಾಲ್ಕೂ ಬದಿಗೆ ದಾರಿ ಇರಲಿ. ಒಂದು ಬದಿ ತುಂಬಿದ ಕೂಡಲೇ ಸ್ವಯಂಸೇವಕರು ಆ ದಾರಿ ಮುಚ್ಚಿ, ಬರುವವರನ್ನು ಖಾಲಿ ಕಡೆಗೆ ಕಳಿಸಲಿ. ಮುಂದಿನ ಬೇಲಿ ಸುಲಭವಾಗಿ ಬಿಚ್ಚುವಂತಿರಲಿ, ಒತ್ತಡ ಬಂದರೆ ಜನ ಅಂಕಣದೊಳಗೇ ಬರಲಿ. ಮೈಕ್ ಹಿಡಿದು ಕಾಮೆಂಟರಿ ಹೇಳುವವರು ಎತ್ತರದಲ್ಲಿರುತ್ತಾರೆ, ಅವರಿಗೆ ಎಲ್ಲ ಕಾಣುತ್ತದೆ. ‘ಆಟ ನಿಲ್ಲಿಸಿ, ಹಿಂದಿನವರು ಹತ್ತು ಹೆಜ್ಜೆ ಹಿಂದೆ ಸರಿಯಿರಿ’ ಎಂದು ಹೇಳುವ ಅಧಿಕಾರವನ್ನು ಟಾಸ್‌ಗೆ ಮೊದಲೇ ಅವರಿಗೆ ಕೊಡಿ, ರೆಫರಿಗೂ ತಿಳಿಸಿಡಿ.